ರೊಕ್ಕ ಬೇಡದ ಸಾಫ್ಟ್‌ವೇರ್

ಕೇಳುಗರೆಲ್ಲರಿಗೂ ನಮಸ್ಕಾರ ರೀ.

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಅರ್ಜಿ, ಕಾಲೇಜು ಮಕ್ಕಳ ಪ್ರಾಜೆಕ್ಟು, ಇದೇ ದಿನದ ಕೆಲಸ. ಮೊದಲು ನಾನೂ ಯಾರೋ ಕೊಟ್ಟ ಕಳ್ಳ ಪ್ರತಿ, ಅಂದರೆ ರೊಕ್ಕ ಕೊಡದೆ ಬೀಗ ಮುರಿದ ಕ್ರ್ಯಾಕ್ ಸಾಫ್ಟ್‌ವೇರನ್ನೇ ಹಾಕಿಕೊಂಡಿದ್ದೆ. ಒಂದು ದಿನ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಒಂದು ಫೈಲೂ ತೆರೆಯಲಿಲ್ಲ. ರೊಕ್ಕ ಕಳಿಸಿದರೆ ಬಿಡುತ್ತೇವೆ ಅಂತ ಪರದೆ ತುಂಬಾ ಬರಹ. ಕ್ರ್ಯಾಕ್ ಜೊತೆಗೇ ವೈರಸ್ಸೂ ಬಂದಿತ್ತು. ಎಂಟು ಮದುವೆ ಕಾರ್ಡು ಮೊದಲಿನಿಂದ ಮಾಡಿಕೊಟ್ಟೆ. ಅವತ್ತಿನಿಂದ ಅಂಗಡಿಯಲ್ಲಿ ಕಳ್ಳ ಪ್ರತಿ ಒಂದೂ ಇಲ್ಲ.

ಅದರ ಜಾಗಕ್ಕೆ ಬಂದದ್ದು ಲಿಬ್ರೆಆಫೀಸ್. 2010ರಲ್ಲಿ ಶುರುವಾದದ್ದು, ಪೂರ್ತಿ ಪುಕ್ಕಟೆ. ಹತ್ತು ಕಂಪ್ಯೂಟರಿಗೆ ಹಾಕಿ, ಗೆಳೆಯರಿಗೆ ಹಂಚಿ, ತಪ್ಪೇನಿಲ್ಲ. ಅದರ ಕೋಡ್ ಕೂಡ ಎಲ್ಲರಿಗೂ ತೆರೆದೇ ಇದೆ. ಪತ್ರ ಬರೆಯಲು ರೈಟರ್, ಲೆಕ್ಕಕ್ಕೆ ಕ್ಯಾಲ್ಕ್. ಮೆನು ಕನ್ನಡದಲ್ಲೇ ಬೇಕೆಂದರೂ ಇಟ್ಟುಕೊಳ್ಳಬಹುದು. ಇದರಲ್ಲಿ ಮಾಡಿದ ಫೈಲನ್ನು ಬೇರೆ ಕಡೆ ತೆರೆದಾಗ ಸಾಲುಗಳು ಸ್ವಲ್ಪ ಆಚೀಚೆ ಆಗುವುದುಂಟು. ಹಾಗಾಗಿ ಪ್ರಿಂಟಿಗೆ ಕೊಡುವಾಗ ಪಿಡಿಎಫ್ ಮಾಡಿಯೇ ಕೊಡಿ. ಅದಕ್ಕೆ ಮೇಲೆ ಒಂದು ಬಟನ್ ಇದೆ, ಒತ್ತಿದರೆ ಮುಗಿಯಿತು.

ಕನ್ನಡವನ್ನು ಯೂನಿಕೋಡಿನಲ್ಲೇ ಬರೆಯಿರಿ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಅಕ್ಷರ ಪದ್ಧತಿಯಲ್ಲಿ. ಇದನ್ನು ಒತ್ತಿ ಹೇಳುತ್ತೇನೆ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೀಚು ಕಾಣುತ್ತದೆ. ಫೈಲಿನಲ್ಲಿ 'ಬಾಗಲಕೋಟೆ' ಅಂತ ಹುಡುಕಿದರೂ ಸಿಗುವುದಿಲ್ಲ.

ವಿಡಿಯೋ ನೋಡಲು ವಿಎಲ್‌ಸಿ ಸಾಕು. ಎಂಥಾ ಹಳೆಯ ಮದುವೆ ಸಿಡಿಯ ಫೈಲನ್ನೂ ಓಡಿಸುತ್ತದೆ. ಹೆಚ್ಚು ಹೇಳುವುದೇನಿಲ್ಲ.

ಜಾಸ್ತಿ ಮಂದಿ ಕೇಳುವುದು ಹಳೆಯ ಕಂಪ್ಯೂಟರಿನ ಬಗ್ಗೆ. ವಿಂಡೋಸ್ 10ಕ್ಕೆ ಕಂಪನಿಯಿಂದ ಬರುತ್ತಿದ್ದ ಮಾಮೂಲಿ ಸುರಕ್ಷತೆಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಎಷ್ಟೋ ಹಳೆಯ ಯಂತ್ರಗಳಿಗೆ ಆಗುವುದಿಲ್ಲ. ನಮ್ಮ ಓಣಿಯ ಕಿರಾಣಿ ಅಂಗಡಿಯ ಕಾಕಾ ಅವರದೂ ಇದೇ ಪಾಡು, ಗುಜರಿಗೆ ಹಾಕಲು ಹೊರಟಿದ್ದರು. "ತಡೀರಿ ಕಾಕಾ" ಅಂದೆ. ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಪುಕ್ಕಟೆ ಸಾಫ್ಟ್‌ವೇರ್ ಲಿನಕ್ಸ್ ಮಿಂಟ್ ಅನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಿ, ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿ ತೋರಿಸಿದೆ. ಹೀಗೆ ಸುಮ್ನೆ ನೋಡುವಾಗ ಒಳಗಿನ ಫೈಲುಗಳಿಗೆ ಏನೂ ಆಗುವುದಿಲ್ಲ. ವೈಫೈ ಬಂತು, ಪ್ರಿಂಟರ್ ಓಡಿತು. ಆಮೇಲೆ ಅವರ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟೇ ಮಿಂಟ್ ಅನ್ನು ಒಳಗೆ ಹಾಕಿದೆ. ಈ ಹೆಜ್ಜೆ ಮಾತ್ರ ಬಿಡಬೇಡಿ. ಡಿಸ್ಕ್ ಅಳಿಸಿ ಹಾಕು ಅಂತ ಒತ್ತಿದರೆ ಇದ್ದದ್ದೆಲ್ಲ ಹೋಗುತ್ತದೆ.

ಕಾಕಾಗೆ ಇದ್ದ ಚಿಂತೆ ಒಂದೇ, ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರಿನಲ್ಲಿ ಅವರು ಕಲಿತ ಕೀಲಿಮಣೆ. ಯಾವ ಕೀಲಿಗೆ ಯಾವ ಅಕ್ಷರ ಅನ್ನುವ ಅದರ 'ಕಗಪ' ವಿನ್ಯಾಸ ಲಿನಕ್ಸಿನಲ್ಲೂ ಇದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರು. ಪರದೆ ಮೇಲೆ 'ಕನ್ನಡ' ಅಂತ ಬಂತು. "ಹಾಂ, ಇದು ನಂದೇ" ಅಂದರು.

ಈಗ ಅವರ ಉದ್ರಿ ಲೆಕ್ಕವೆಲ್ಲ ಕ್ಯಾಲ್ಕಿನಲ್ಲಿದೆ. ನೀವೂ ಹಾಕಿಕೊಳ್ಳುವುದಾದರೆ ಕಂಡಕಂಡ ಕಡೆಯಿಂದ ಇಳಿಸಬೇಡಿ. ಬರೆದುಕೊಳ್ಳಿ: ಲಿಬ್ರೆಆಫೀಸ್ ಡಾಟ್ ಆರ್ಗ್, ವಿಎಲ್‌ಸಿಗೆ ವಿಡಿಯೋಲ್ಯಾನ್ ಡಾಟ್ ಆರ್ಗ್, ಲಿನಕ್ಸ್‌ಮಿಂಟ್ ಡಾಟ್ ಕಾಮ್.

ನಮಸ್ಕಾರ.