ಸ್ಕೂಟರಿಗೆ 30, ಸೈಕಲಿಗೆ 12

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕಕ್ಕೆ ಬೈಕಿನಲ್ಲಿ ಎಷ್ಟು ನಿಮಿಷ ಎಂದು ನಮ್ಮ ಹುಡುಗರನ್ನು ಕೇಳಿ. ಥಟ್ಟನೆ ಹೇಳುತ್ತಾರೆ. ಸೀತಾಂಗೋಳಿ ದಾಟಿದ ಮೇಲೆ ರಸ್ತೆಯ ಆಚೀಚೆ ಏನೇನಿದೆ ಎಂದು ಕೇಳಿ. ಹೇಳುವುದಿಲ್ಲ, ಯಾಕೆಂದರೆ ಅವರು ನೋಡಿಲ್ಲ. ನೋಡುವ ವೇಗದಲ್ಲಿ ಅವರು ಹೋಗುವುದೇ ಇಲ್ಲ.

ಊರು ನೋಡುವ ತಿರುಗಾಟದ ಬಗ್ಗೆ ಇವತ್ತು ನಾನು ಹೇಳಲಿಕ್ಕೆ ಬಂದದ್ದು ಒಂದೇ ಮಾತು. ಸ್ಕೂಟರಾದರೆ ಗಂಟೆಗೆ 30 ಕಿಲೋಮೀಟರ್, ಸೈಕಲಾದರೆ 12. ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ. ಹಾಲಿನ ಸೊಸೈಟಿಗೆ ದಿನಾ ಸ್ಕೂಟರಿನಲ್ಲಿ ಹೋಗಿ ಬರುವ ಅಕ್ಕಂದಿರಿಗೆ ಈ ಮಾತು. ನಿವೃತ್ತರಾಗಿ, ಹಳೆಯ ಸೈಕಲನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಮಾಷ್ಟ್ರುಗಳಿಗೂ ಇದೇ ಮಾತು. ಆದಿತ್ಯವಾರ ಬೆಳಿಗ್ಗೆ ಎರಡು ಗಂಟೆ ಬಿಡುವು ಮಾಡಿಕೊಂಡರೆ ಸಾಕು.

30 ಯಾಕೆ, 60 ಯಾಕಲ್ಲ ಎಂದು ಕೇಳುವವರಿದ್ದಾರೆ. ಲೆಕ್ಕ ಸುಲಭ. 60ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎದುರಿಗೆ ದನ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಆ ಒಂದು ಸೆಕೆಂಡು ಮುಗಿಯುತ್ತದೆ. ಆಮೇಲೆ ಬ್ರೇಕು ಹಿಡಿದು ನಿಲ್ಲಬೇಕು. ಒಣ ರಸ್ತೆಯಲ್ಲೂ ಒಟ್ಟು 45 ಮೀಟರ್ ಬೇಕು. 30ರಲ್ಲಿ ಹೋದರೆ 15 ಮೀಟರಿನಲ್ಲಿ ನಿಲ್ಲುತ್ತದೆ. ವೇಗ ಅರ್ಧ, ನಿಲ್ಲುವ ದೂರ ಮೂರರಲ್ಲಿ ಒಂದು. ನಮ್ಮ ಒಳರಸ್ತೆಯ ತಿರುವುಗಳಲ್ಲಿ ಎದುರು ಕಾಣುವುದೇ ಇಪ್ಪತ್ತು ಮೀಟರ್. ಒಂದು ಬದಿಗೆ ಮುರಕಲ್ಲಿನ ದರೆ, ಇನ್ನೊಂದು ಬದಿಗೆ ಕಂಗಿನ, ಅಂದರೆ ಅಡಿಕೆಯ ತೋಟ. ಆದ್ದರಿಂದ 30.

ಇನ್ನು ನೋಡುವ ಸುಖ. ನಮ್ಮ ಊರಿನ ರಸ್ತೆಗಳಿಗೆ ಒಂದು ಕ್ರಮವಿದೆ. ಮೇಲೆ ಬಯಲಾದ ಪಾರೆ, ಅಂದರೆ ಮುರಕಲ್ಲಿನ ಹಾಸುಬಂಡೆ, ಅಲ್ಲಿಂದ ಇಳಿದರೆ ತೋಟ, ತೋಡು, ಅದನ್ನು ದಾಟುವ ಸಂಕ, ಮತ್ತೆ ಏರು, ಮತ್ತೆ ಪಾರೆ. ಮಳೆ ಹಿಂದೆ ಸರಿಯುವ ಸೆಪ್ಟೆಂಬರಿನಲ್ಲಿ ಪಾರೆಯ ಮೇಲೆ ಬೆರಳುದ್ದದ ಗಿಡಗಳಲ್ಲಿ ನೀಲಿ ಹೂ ಹಾಸಿಕೊಳ್ಳುತ್ತದೆ. 60ರಲ್ಲಿ ಹೋದವನಿಗೆ ಅದು ಬರೀ ಹುಲ್ಲು. ಬಾಯಾರು ಎಂಬ ಊರಿನ ಕಡೆ ಹೋದರೆ ಗುಡ್ಡೆಯ ಮೈಯಲ್ಲಿ ನೀರಿಗಾಗಿ ಕೊರೆದ ಸುರಂಗಗಳಿವೆ. ಆಳೆತ್ತರದ ಬಾಯಿ, ಒಳಗಿನಿಂದ ಸಣ್ಣಗೆ ಹರಿದು ಬರುವ ನೀರು, ಎದುರಿಗೆ ಅದನ್ನು ಹಿಡಿದಿಡುವ ಮಣ್ಣಿನ ಕೆರೆ. ಇಂಥ ಸುರಂಗಗಳನ್ನು ನೋಡಲಿಕ್ಕೆಂದೇ ಹೊರಗಿನವರು ಹುಡುಕಿಕೊಂಡು ಕಾಸರಗೋಡಿಗೆ ಬರುತ್ತಾರೆ. ನಾವು ಅದರ ಪಕ್ಕದಲ್ಲೇ ಹಾರ್ನ್ ಹೊಡೆದುಕೊಂಡು ಹೋಗುತ್ತೇವೆ.

ಸರಿ, ಗಾಡಿಗೆ ಬರೋಣ. ಮೊದಲು ಸ್ಕೂಟರ್.

ಹೊರಡುವ ಮುಂಚೆ ಗಾಳಿ ನೋಡಿಸಿ. ಸಾಮಾನ್ಯ 110 ಸಿಸಿ ಸ್ಕೂಟರಿಗೆ ಮುಂದಿನ ಚಕ್ರಕ್ಕೆ 22 ಪಿಎಸ್‌ಐ, ಹಿಂದಿನದಕ್ಕೆ ಒಬ್ಬರಾದರೆ 29, ಇಬ್ಬರಾದರೆ 36. ಪಂಪಿನವನು ಎರಡಕ್ಕೂ 35 ತುಂಬಿಸಿ ಕಳಿಸುವುದುಂಟು. ಮುಂದಿನ ಚಕ್ರ ಗಟ್ಟಿಯಾದರೆ ಜಲ್ಲಿ ರಸ್ತೆಯಲ್ಲಿ ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ. ತಿರುವಿನಲ್ಲಿ ಜಾರುವುದೂ ಅದೇ ಕಾರಣಕ್ಕೆ. ಬ್ರೇಕಿನ ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಮಾತ್ರ ಸಡಿಲ ಇರಬೇಕು. ಹಿಡಿಯವರೆಗೆ ಬರುತ್ತದೆ ಎಂದಾದರೆ ಅಡ್ಜಸ್ಟ್ ಮಾಡಿಸದೆ ಹೊರಡಬೇಡಿ.

ಗೇರಿಲ್ಲದ ಸ್ಕೂಟರಿನಲ್ಲಿ ಇಳಿಜಾರಿನ ಒಂದು ಗುಟ್ಟಿದೆ. ಎಕ್ಸಲೇಟರ್ ಬಿಟ್ಟು ಇಳಿಯುವಾಗ ಇಂಜಿನ್ ಗಾಡಿಯನ್ನು ಸ್ವಲ್ಪ ಹಿಡಿದುಕೊಂಡಿರುತ್ತದೆ. ವೇಗ 15ಕ್ಕಿಂತ ಕೆಳಗೆ ಬಂದಾಗ ಒಳಗಿನ ಕ್ಲಚ್ ಬಿಟ್ಟುಕೊಳ್ಳುತ್ತದೆ. ಆಗ ಇದ್ದಕ್ಕಿದ್ದಂತೆ ಗಾಡಿ ಹಗುರವಾಗಿ ಮುಂದಕ್ಕೆ ಓಡಲು ನೋಡುತ್ತದೆ. ಹೊಸಬರು ಗಾಬರಿಯಾಗುವುದು ಅಲ್ಲಿ. ಎಕ್ಸಲೇಟರನ್ನು ಕೂದಲೆಳೆಯಷ್ಟು ತಿರುಗಿಸಿ ಬಿಡಿ, ಕ್ಲಚ್ ಮತ್ತೆ ಹಿಡಿಯುತ್ತದೆ. ಬ್ರೇಕನ್ನು ಉದ್ದಕ್ಕೂ ಒತ್ತಿಕೊಂಡೇ ಇಳಿಯಬೇಡಿ. ಡ್ರಮ್ ಬಿಸಿಯಾದರೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಒತ್ತಿ, ಬಿಡಿ, ಮತ್ತೆ ಒತ್ತಿ. ಪೆಟ್ರೋಲ್ ಉಳಿಸಲಿಕ್ಕೆ ಇಂಜಿನ್ ಆಫ್ ಮಾಡಿ ಇಳಿಯುವ ಪುಣ್ಯಾತ್ಮರಿಗೆ ನಾನು ಹೇಳುವುದು ಏನೂ ಇಲ್ಲ.

ಏರಿನಲ್ಲಿ ತದ್ವಿರುದ್ಧ. ಪೊಸಡಿಗುಂಪೆ ಗುಡ್ಡೆಯ ಕಡೆ ಇಬ್ಬರು ಕೂತು ಹೋಗುವಾಗ ಏರಿನ ಮಧ್ಯೆ ನಿಲ್ಲಬೇಕಾಗಿ ಬಂದರೆ ಬ್ರೇಕಿನಲ್ಲಿ ನಿಲ್ಲಿಸಿ. ಎಕ್ಸಲೇಟರ್ ಕೊಟ್ಟು ಗಾಡಿಯನ್ನು ಅಲ್ಲೇ ತೂಗಿ ಹಿಡಿದರೆ ಕ್ಲಚ್ ಜಾರುತ್ತಲೇ ಇರುತ್ತದೆ, ಸುಟ್ಟ ವಾಸನೆ ಬರುತ್ತದೆ. ಹಿಂದೆ ಕೂತವರು ಇಳಿದು ನಾಲ್ಕು ಹೆಜ್ಜೆ ನಡೆದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಸಾವಿರ ಅಡಿಗೂ ಮಿಕ್ಕಿದ ಎತ್ತರ ಅದು. ಮೇಲಿನಿಂದ ಪಡುವಣ ಕಡಲು ಕಾಣುತ್ತದೆ, ಮೂಡುಬದಿಯಲ್ಲಿ ಘಟ್ಟದ ಸಾಲು ಕಾಣುತ್ತದೆ.

ಈಗ ಸೈಕಲ್. ಇದು ನನ್ನ ಪ್ರೀತಿಯ ವಿಷಯ, ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಮನೆಯಲ್ಲಿರುವ ದೊಡ್ಡ ಚಕ್ರದ ಕಪ್ಪು ಸೈಕಲೇ ಸಾಕು, ಸಾವಿರಾರು ರೂಪಾಯಿಯ ಹೊಸದು ಬೇಡ. ಸೀಟು ಸರಿ ಮಾಡಿ. ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಮೇಲೆ ತುಳಿಯುವುದು ಪಾದದ ಮುಂಭಾಗದಲ್ಲಿ, ಆಗ ಮೊಣಕಾಲು ಸ್ವಲ್ಪ ಮಡಿಸಿರುತ್ತದೆ. ಎರಡು ಕಾಲೂ ನೆಲಕ್ಕೆ ಪೂರ್ತಿ ತಾಗಲಿ ಎಂದು ಸೀಟು ಇಳಿಸುತ್ತಾರೆ. ಮೊಣಕಾಲು ನೋವು ಶುರುವಾಗುವುದು ಅಲ್ಲಿಂದಲೇ.

ಮುಖ್ಯ ಕೆಲಸ ಫ್ರೀವೀಲಿನದ್ದು, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರದ್ದು. ನಮ್ಮ ಹಳೆ ಸೈಕಲಿಗೆ ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು ಐದೂವರೆ ಮೀಟರ್ ಹೋಗುತ್ತದೆ. ಅದು ಸಮತಟ್ಟು ಊರಿಗೆ ಸರಿ, ನಮ್ಮ ಗುಡ್ಡೆಗೆ ಅಲ್ಲ. 18ರದ್ದನ್ನು ತೆಗೆದು 22 ಹಲ್ಲಿನದು ಹಾಕಿಸಿ. ಸುತ್ತಿಗೆ ನಾಲ್ಕೂವರೆ ಮೀಟರ್ ಮಾತ್ರ, ಆದರೆ ಕಾಲಿಗೆ ಐದರಲ್ಲಿ ಒಂದು ಪಾಲು ಭಾರ ಕಡಿಮೆ. 12ರ ವೇಗಕ್ಕೆ ನಿಮಿಷಕ್ಕೆ 45 ಸುತ್ತು ತುಳಿದರಾಯಿತು. ಚೈನಿಗೆ ಎರಡು ಕೊಂಡಿ, ಅಂದರೆ ಒಂದು ಇಂಚು ಸೇರಿಸಲು ಹೇಳಿ. ಸೇರಿಸದಿದ್ದರೆ ಹಿಂದಿನ ಚಕ್ರವನ್ನು ಮುಂದಕ್ಕೆ ಎಳೆದು ಕೂರಿಸುತ್ತಾರೆ. ಆಗ ರಾಡ್ ಬ್ರೇಕಿನ ರಬ್ಬರ್ ರಿಮ್ಮಿಗೆ ಓರೆಯಾಗಿ ತಾಗುತ್ತದೆ.

ಇದನ್ನು ಹೇಳಿದರೆ ಅಂಗಡಿಯಲ್ಲಿ ನಗುತ್ತಾರೆ. ಅಷ್ಟು ಹಗುರ ಮಾಡಿದರೆ ಅದು ಮುದುಕರ ಸೈಕಲ್ ಆಗುತ್ತದೆ ಎನ್ನುತ್ತಾರೆ. ಈ ನಗು ಹೊಸತಲ್ಲ. ಫ್ರಾನ್ಸಿನಲ್ಲಿ ಪೌಲ್ ದ ವಿವಿ ಎಂಬೊಬ್ಬರಿದ್ದರು, ಹುಟ್ಟಿದ್ದು 1853ರಲ್ಲಿ. ರೇಷ್ಮೆ ವ್ಯಾಪಾರ ಮಾಡುತ್ತಿದ್ದವರು ಸೈಕಲಿನ ಹುಚ್ಚು ಹಿಡಿದು, ಇದ್ದ ವ್ಯಾಪಾರ ಬಿಟ್ಟು, 1887ರಲ್ಲಿ ಸೆಂತ್ ಎತಿಯೆನ್ ಎಂಬ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟರು. ಸೈಕಲಿಗರಿಗಾಗಿ ಒಂದು ಪತ್ರಿಕೆಯನ್ನೂ ಹೊರಡಿಸಿದರು. ವೆಲೋಸಿಯೊ ಎಂಬುದು ಅವರ ಲೇಖನಿಯ ಹೆಸರು. ಆ ಊರಿನ ಪಕ್ಕದಲ್ಲೇ ಒಂದು ಘಟ್ಟದ ರಸ್ತೆಯಿದೆ. 1889ರಲ್ಲಿ ಒಂದು ದಿನ ಇವರು ಆ ಘಟ್ಟ ಹತ್ತುತ್ತಿದ್ದಾಗ ಹಿಂದಿನಿಂದ ಒಬ್ಬ ಬಂದ. ಇವರ ಪತ್ರಿಕೆಯ ಓದುಗನೇ. ಬಾಯಲ್ಲಿ ಪೈಪು. ಹೊಗೆ ಬಿಡುತ್ತಾ ಸಂಪಾದಕರನ್ನು ದಾಟಿ ಹೋದ!

ಸಂಪಾದಕರಿಗೆ ಹೇಗಾಗಿರಬೇಡ! ಅವರ ಸೈಕಲಿಗಿದ್ದದ್ದು ಒಂದೇ ಗೇರು. ಅದರಲ್ಲಿ ಇನ್ನೂ ವೇಗ ಬೇಕೆಂದರೆ ಕಾಲು ಹುಚ್ಚಾಪಟ್ಟೆ ತಿರುಗಿಸಬೇಕು. ಗೇರು ದೊಡ್ಡದು ಮಾಡಿದರೆ ಏರು ಹತ್ತಲಿಕ್ಕೇ ಆಗುವುದಿಲ್ಲ. ಯೋಚಿಸಿ ಯೋಚಿಸಿ ಮುಂದೆ ಎರಡು ಹಲ್ಲುಚಕ್ರ ಇಟ್ಟರು, ಒಂದು ಸಮತಟ್ಟಿಗೆ, ಒಂದು ಏರಿಗೆ. ಘಟ್ಟದ ಬುಡದಲ್ಲಿ ಇಳಿದು, ಚೈನನ್ನು ಕೈಯಿಂದ ಎತ್ತಿ ಸಣ್ಣದಕ್ಕೆ ಹಾಕುವುದು. ಮೇಲೆ ಹತ್ತಿದ ಮೇಲೆ ಮತ್ತೆ ಇಳಿದು ದೊಡ್ಡದಕ್ಕೆ ಹಾಕುವುದು. ಕೈಯೆಲ್ಲ ಮಸಿ. ಗೇರು ಬದಲಿಸುವ ಯಂತ್ರಕ್ಕಾಗಿ ಆಮೇಲೆ ಅವರು ವರ್ಷಗಟ್ಟಲೆ ದುಡಿದರು, ತಮ್ಮ ಪತ್ರಿಕೆಯಲ್ಲಿ ವಾದ ಮಾಡಿದರು.

ಜನ ಒಪ್ಪಿದರೇ? ಇಲ್ಲ. 1902ರಲ್ಲಿ ಒಂದು ಪಂದ್ಯವೇ ನಡೆಯಿತು. ಒಂದು ಕಡೆ ಒಂದೇ ಗೇರಿನ ಸೈಕಲಿನಲ್ಲಿ ಚಾಂಪಿಯನ್ ಗಂಡಸು, ಇನ್ನೊಂದು ಕಡೆ ಮೂರು ಗೇರಿನ ಸೈಕಲಿನಲ್ಲಿ ಮಾರ್ತ್ ಹೆಸ್ ಎಂಬ ಹೆಂಗಸು. ಗೆದ್ದದ್ದು ಹೆಂಗಸು. ಆದರೂ ಆಂರಿ ದೆಗ್ರಾಂಜ್, ಮರುವರ್ಷ ಟೂರ್ ದ ಫ್ರಾನ್ಸ್ ಶುರು ಮಾಡಿದ ಮನುಷ್ಯ, ಗೇರು ನಲವತ್ತೈದು ದಾಟಿದವರಿಗೆ ಮಾತ್ರ ಎಂದುಬಿಟ್ಟ. ಅವನ ಸ್ಪರ್ಧೆಯಲ್ಲಿ ಗೇರು ಬದಲಿಸುವ ಡಿರೇಲರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಮೂವತ್ತೈದು ವರ್ಷ ಹಟ! ಅಷ್ಟರಲ್ಲಿ ವೆಲೋಸಿಯೊ ತೀರಿಕೊಂಡಿದ್ದರು. ನಿಮ್ಮ 22 ಹಲ್ಲಿನ ಫ್ರೀವೀಲ್ ನೋಡಿ ಯಾರಾದರೂ ನಕ್ಕರೆ ಈ ಕಥೆ ಹೇಳಿ.

ವೆಲೋಸಿಯೊ ಸೈಕಲಿಗರಿಗೆ ಏಳು ನಿಯಮ ಬರೆದಿಟ್ಟಿದ್ದಾರೆ. ಹಸಿವಾಗುವ ಮೊದಲೇ ತಿನ್ನಿ, ಬಾಯಾರುವ ಮೊದಲೇ ಕುಡಿಯಿರಿ ಎಂಬುದು ಅದರಲ್ಲಿದೆ. ನಮ್ಮ ಸೆಕೆಗೆ ಇದು ಹೇಳಿ ಮಾಡಿಸಿದ ಮಾತು. ನಾಲ್ಕು ಜನರಿಗೆ ತೋರಿಸಲಿಕ್ಕೆಂದು ತುಳಿಯಬೇಡಿ ಎಂಬುದೂ ಇದೆ. ಆದರೆ ದಾರಿಯಲ್ಲಿ ಕಡಿಮೆ ನಿಲ್ಲಿ, ನಿಂತರೂ ಸ್ವಲ್ಪವೇ ಹೊತ್ತು ನಿಲ್ಲಿ ಎಂದದ್ದನ್ನು ನಾನು ಒಪ್ಪುವುದಿಲ್ಲ. ಅವರು ಹಗಲೂ ರಾತ್ರಿ ನೂರಾರು ಕಿಲೋಮೀಟರ್ ತುಳಿಯುತ್ತಿದ್ದವರು. ನೀವು ಅನಂತಪುರದ ಕೆರೆ ನೋಡಲಿಕ್ಕೆ ಹೊರಟವರು. ನಿಲ್ಲಿ. ಎಳನೀರು ಕಂಡಲ್ಲೆಲ್ಲ ನಿಲ್ಲಿ.

ಸಮಯ ಆಗುತ್ತಾ ಬಂತು ಎಂದು ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ದಾರಿ. ಹೆದ್ದಾರಿ 66 ಬೇಡ, ಅದು ತಿರುಗಾಟದ ರಸ್ತೆಯಲ್ಲ. ಮೊದಲ ಸಲಕ್ಕೆ ಕುಂಬಳೆಯಿಂದ ಅನಂತಪುರ. ಕೆರೆಯ ನಡುವೆ ದೇವಸ್ಥಾನ, 2022ರ ಅಕ್ಟೋಬರಿನವರೆಗೆ ಬಬಿಯಾ ಮೊಸಳೆ ಇದ್ದ ಜಾಗ. ಎರಡನೆಯ ಸಲಕ್ಕೆ ಕಾಸರಗೋಡಿನಿಂದ ಮಧೂರು, ಮಧುವಾಹಿನಿ ಹೊಳೆಯ ದಡಕ್ಕೆ. ಸ್ಕೂಟರಿನವರು ಚಂದ್ರಗಿರಿ ಸೇತುವೆ ದಾಟಿ ಉದುಮದ ಮೇಲೆ ಬೇಕಲ ಕೋಟೆಗೆ ಹೋಗಬಹುದು. ಬೆಳಿಗ್ಗೆ ಆರೂವರೆಗೆ ಹೊರಡಿ. ಎಂಟೂವರೆಯ ನಂತರ ಆ ರಸ್ತೆ ಬಸ್ಸುಗಳದ್ದು.

ಬಸ್ಸು ಬಂದಾಗ ಡಾಂಬರಿನ ಅಂಚಿನಿಂದ ಚಕ್ರ ಕೆಳಗೆ ಇಳಿದರೆ ಗಾಬರಿಯಾಗಬೇಡಿ, ಆದರೆ ಕೂಡಲೇ ಹ್ಯಾಂಡಲ್ ತಿರುಗಿಸಿ ಮೇಲೆ ಹತ್ತಲೂ ಬೇಡಿ. ಅಂಚಿಗೆ ಸಮಾನಾಂತರವಾಗಿ ಹತ್ತಲು ಹೋದ ಚಕ್ರ ಅಂಚನ್ನೇ ಸವರಿಕೊಂಡು ಬೀಳಿಸುತ್ತದೆ. ಮಣ್ಣಿನಲ್ಲೇ ನಿಧಾನಿಸಿ, ನಿಲ್ಲಿಸಿ, ನೇರ ಅಡ್ಡಕ್ಕೆ ಹತ್ತಿಸಿ. ತೋಟದ ನೆರಳಿನ ಕಾಂಕ್ರೀಟ್ ರಸ್ತೆಯಲ್ಲಿ ಮಳೆಗಾಲದಲ್ಲಿ ಪಾಚಿ ಇರುತ್ತದೆ, ಅಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಒದ್ದೆ ರಿಮ್ಮಿಗೆ ಸೈಕಲಿನ ಬ್ರೇಕ್ ತಕ್ಷಣ ಹಿಡಿಯುವುದಿಲ್ಲ. ಇಳಿಜಾರು ಶುರುವಾಗುವ ಮುಂಚೆಯೇ ಎರಡು ಮೂರು ಸಲ ಮೆಲ್ಲಗೆ ಒತ್ತಿ ನೀರು ಒರೆಸಿ. ಸ್ಕೂಟರಿನಲ್ಲಿ ಇಬ್ಬರಿಗೂ ಹೆಲ್ಮೆಟ್.

ಚೈನಿಗೆ ತೆಂಗಿನೆಣ್ಣೆ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಅದು ಕೆಂಪು ಧೂಳಿನೊಂದಿಗೆ ಸೇರಿ ಅಂಟಾಗುತ್ತದೆ, ಹಲ್ಲು ಸವೆಯುತ್ತದೆ. ಸೀಮೆಎಣ್ಣೆಯಲ್ಲಿ ಉಜ್ಜಿ, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಕೊಂಡಿಗೊಂದು ಹನಿ, ಆಮೇಲೆ ಬಟ್ಟೆಯಿಂದ ಹೊರಗಿನದನ್ನೆಲ್ಲ ಒರೆಸಿಬಿಡಿ. ಚೈನಿನ ನಡುಭಾಗ ಮೇಲೆ ಕೆಳಗೆ ಅರ್ಧ ಇಂಚು ಆಡಿದರೆ ಸರಿ.

ಸ್ಕೂಟರಿಗೆ 30, ಸೈಕಲಿಗೆ 12. ಪಂಕ್ಚರಿನ ಬಗ್ಗೆ ಹೇಳಲು ಹೊತ್ತಿಲ್ಲ, ಒಂದು ಮಾತ್ರ ಹೇಳಿ ಮುಗಿಸುತ್ತೇನೆ. ಟ್ಯೂಬಿಗೆ ಸೊಲ್ಯೂಶನ್ ಹಚ್ಚಿದ ಕೂಡಲೇ ಪ್ಯಾಚ್ ಒತ್ತಬೇಡಿ. ಬೆರಳಿಗೆ ಅಂಟದಷ್ಟು ಆರಬೇಕು, ಅದಕ್ಕೆ ಐದು ನಿಮಿಷ ಬೇಕು. ಆ ಐದು ನಿಮಿಷ ಕಾಯಲಾಗದವರೇ ಮುಂದಿನ ತಿರುವಿನಲ್ಲಿ ಮತ್ತೆ ಚಕ್ರ ಬಿಚ್ಚುವುದು.

ನಮಸ್ಕಾರ.