ಮೊದಲು ಮದುವೆ ಹುಡುಕಿ

ಎಲ್ಲರಿಗೂ ನಮಸ್ಕಾರ.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಇವತ್ತು ನಾನು ಹೇಳುವುದರಲ್ಲಿ ಬೇರೇನು ಮರೆತರೂ ಪರವಾಗಿಲ್ಲ, ಇದೊಂದನ್ನು ನೆನಪಿಡಿ. ಫ್ರೆಂಚ್ ಕೆನಡಾದ, ಅಂದರೆ ಕೆನಡಾದಲ್ಲಿ ಫ್ರೆಂಚ್ ಮಾತಾಡುವವರ, ಮನೆತನದ ಬೇರು ಹುಡುಕುವಾಗ ಹುಟ್ಟಿದ ದಿನದ ಹಿಂದೆ ಹೋಗಬೇಡಿ. ಸತ್ತ ದಿನದ ಹಿಂದೆಯೂ ಬೇಡ. ಮೊದಲು ಮದುವೆ ಹುಡುಕಿ.

ಇದನ್ನು ಕೇಳುತ್ತಿರುವವರು ಯಾರು ಅಂತ ನನ್ನ ಕಣ್ಣ ಮುಂದೆ ಇದೆ. ಮಗನೋ ಮಗಳೋ ಮಾಂಟ್ರಿಯಲ್‌ನಲ್ಲಿ ಇದ್ದಾರೆ, ಇಲ್ಲವೇ ಅಮೆರಿಕದ ಬಾಸ್ಟನ್ ಕಡೆ ಇದ್ದಾರೆ. ಅಲ್ಲಿಯವರನ್ನೇ ಮದುವೆಯಾಗಿದ್ದಾರೆ. ಮೊಮ್ಮಗ ಶಾಲೆಯಿಂದ ಒಂದು ಹಾಳೆ ತಂದಿದ್ದಾನೆ. ಹಾಳೆಯ ಮೇಲೆ ಒಂದು ಮರ, ಕೊಂಬೆಗೊಂದು ಖಾಲಿ ಚೌಕ. ಒಂದು ಪಕ್ಕ ಅಪ್ಪನ ಕಡೆಯವರು, ಇನ್ನೊಂದು ಪಕ್ಕ ಅಮ್ಮನ ಕಡೆಯವರು. "ಅಜ್ಜಿ, ಇದನ್ನ ತುಂಬಿಸಿಕೊಡು" ಅಂತಾನೆ. ನೀವು ಫ್ರೆಂಚ್ ಬಾರದ ಭಾಷೆ, ಗೊತ್ತಿಲ್ಲದ ದೇಶ ಅಂತ ಕೈಬಿಡುತ್ತೀರಿ. ಕೈಬಿಡಬೇಡಿ. ನಾನು ಮ್ಯಾಸಚೂಸೆಟ್ಸ್‌ನ ಒಂದು ಗ್ರಂಥಾಲಯದಲ್ಲಿ 22 ವರ್ಷ ಇದೇ ಕೆಲಸ ಮಾಡಿದ್ದೇನೆ. ಮನೆತನದ ಮೂಲ ಹುಡುಕಿಕೊಂಡು ಬಂದವರಿಗೆ ದಾರಿ ತೋರಿಸುವ ಕೆಲಸ. ಪ್ರಪಂಚದಲ್ಲಿ ಸಾಮಾನ್ಯ ಜನರ ವಂಶವನ್ನು ಇಷ್ಟು ಸಲೀಸಾಗಿ 300, 350 ವರ್ಷ ಹಿಂದಕ್ಕೆ ಒಯ್ಯಬಹುದಾದ ಜಾಗ ಬಹಳ ಕಡಿಮೆ. ರಾಜರ ಮಾತಲ್ಲ ನಾನು ಹೇಳುತ್ತಿರುವುದು. ಬಡಗಿಗಳ, ಗಾರೆಯವರ, ರೈತರ ಮಾತು.

ಯಾಕೆ ಸಲೀಸು? ಎರಡೇ ಕಾರಣ. 1608ರಲ್ಲಿ ಫ್ರಾನ್ಸಿನ ಶಾಂಪ್ಲೇನ್ ಅನ್ನುವವರು ಕ್ವಿಬೆಕ್ ಊರು ಕಟ್ಟಿದರು. 1760ರ ಹೊತ್ತಿಗೆ ಬ್ರಿಟಿಷರು ಆ ನಾಡನ್ನು ಗೆದ್ದುಕೊಂಡರು. ಫ್ರಾನ್ಸಿನಿಂದ ಜನ ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ನಡುವಿನ ಒಂದೂವರೆ ಶತಮಾನದಲ್ಲಿ ಬಂದು ನೆಲೆ ನಿಂತವರು ಸುಮಾರು 10,000 ಜನ. ಇವತ್ತಿನ ಲಕ್ಷಾಂತರ ಮನೆಗಳ ಬೇರು ಆ ಸಣ್ಣ ಗುಂಪಿನಲ್ಲೇ ಇದೆ. ಎರಡನೆಯದು ಪಾದ್ರಿಗಳು. ಮಗುವಿಗೆ ದೀಕ್ಷಾಸ್ನಾನ, ಮದುವೆ, ಮಣ್ಣು, ಈ ಮೂರನ್ನೂ ಪ್ರತಿ ಚರ್ಚಿನಲ್ಲಿ ಬರೆದಿಟ್ಟರು. 1679ರಿಂದ ಎರಡೆರಡು ಪ್ರತಿ ಬರೆಯಬೇಕು ಅಂತ ಆಯಿತು. ಒಂದು ಚರ್ಚಿಗೆ, ಒಂದು ನ್ಯಾಯಾಲಯಕ್ಕೆ. ಮರದ ಚರ್ಚುಗಳು ಅಲ್ವಾ, ಎಷ್ಟೋ ಸುಟ್ಟುಹೋದವು. ನ್ಯಾಯಾಲಯದ ಪ್ರತಿ ಉಳಿಯಿತು. 1640ರಲ್ಲಿ, ಎರಡು ಪ್ರತಿಯ ನಿಯಮ ಇನ್ನೂ ಬರುವ ಮೊದಲು, ಕ್ವಿಬೆಕ್ ಊರಿನ ಚರ್ಚು ಸುಟ್ಟು ಪುಸ್ತಕಗಳೆಲ್ಲ ಬೂದಿಯಾದವು. ಆಗ ಪಾದ್ರಿಗಳು ನೆನಪಿನಿಂದಲೇ ಮತ್ತೆ ಬರೆದರು. ಅಷ್ಟು ಜತನ. 1993ರ ಕೊನೆಯವರೆಗೂ ಕ್ವಿಬೆಕ್‌ನಲ್ಲಿ ಈ ಚರ್ಚಿನ ಪುಸ್ತಕಗಳೇ ಸರ್ಕಾರಿ ದಾಖಲೆಯಾಗಿಯೂ ನಡೆಯುತ್ತಿದ್ದವು.

ಹಾಗಾದರೆ ಹುಟ್ಟನ್ನೇ ಹುಡುಕಬಹುದಲ್ಲ ಅಂತ ಕೇಳುತ್ತೀರಿ. ಎಲ್ಲರೂ ಅದನ್ನೇ ಕೇಳುತ್ತಾರೆ. ಎಲ್ಲರೂ ಅಲ್ಲೇ ಸಿಕ್ಕಿಬೀಳುತ್ತಾರೆ. ಆ ಜನ ಗಂಡುಮಗುವಾದರೆ ಜೋಸೆಫ್, ಹೆಣ್ಣುಮಗುವಾದರೆ ಮರಿ ಅಂತ ಮುಂದೆ ಸೇರಿಸುತ್ತಿದ್ದರು. ಒಂದೇ ಮನೆಯಲ್ಲಿ ನಾಲ್ಕು ಜನ ಮರಿಯರು. ಒಂದು ಮಗು ತೀರಿಕೊಂಡರೆ ಮುಂದಿನ ಮಗುವಿಗೆ ಅದೇ ಹೆಸರು. ಪಕ್ಕದ ಮನೆಯಲ್ಲಿ ದಾಯಾದಿಗಳು, ಅವರಿಗೂ ಅದೇ ಹೆಸರು. ನಿಮ್ಮವಳು ಯಾವ ಮರಿ ಅಂತ ಹೇಗೆ ಹೇಳುತ್ತೀರಿ?

ಮದುವೆಯ ದಾಖಲೆ ತೆಗೆಯಿರಿ. ಗಂಡಿನ ಹೆಸರು, ಅವನ ಅಪ್ಪ, ಅವನ ಅಮ್ಮ, ಅವರ ಊರಿನ ಚರ್ಚು. ಹೆಣ್ಣಿನ ಹೆಸರು, ಅವಳ ಅಪ್ಪ, ಅವಳ ಅಮ್ಮ, ಅವರ ಚರ್ಚು. ಒಂದೇ ಪುಟದಲ್ಲಿ ಆರು ಜನ ಸಿಕ್ಕರು. ಇನ್ನೂ ಮುಖ್ಯವಾದದ್ದು, ಹೆಂಗಸರೆಲ್ಲರಿಗೂ ತವರಿನ ಹೆಸರೇ ಇರುತ್ತದೆ. ಹುಡುಗಿಗೂ ತವರಿನ ಹೆಸರು, ಅವಳ ತಾಯಿಗೂ ತವರಿನ ಹೆಸರು, ಬೀಗಿತ್ತಿಗೂ ತವರಿನ ಹೆಸರು. ಒಂದು ಹೆಸರು ಹತ್ತು ಜನಕ್ಕೆ ಇರಬಹುದು, ಆದರೆ ಇಂಥವನು ಇಂಥವಳನ್ನು ಮದುವೆಯಾದ ಅನ್ನುವ ಜೋಡಿ ಸಾಮಾನ್ಯವಾಗಿ ಒಂದೇ. ಈಗ ಅವರ ಅಪ್ಪ ಅಮ್ಮನ ಮದುವೆ ಹುಡುಕಿ. ಆಮೇಲೆ ಅವರ ಅಪ್ಪ ಅಮ್ಮನ ಮದುವೆ. ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಾ ಹೋಗಿ. ಇಷ್ಟೇ ಕೆಲಸ.

ಸೊಸೆಯ ಕಥೆ ಹೇಳುತ್ತೇನೆ, ಆಗ ಗೊತ್ತಾಗುತ್ತದೆ.

ನನ್ನ ಸೊಸೆಯ ಮನೆತನದ ಹೆಸರು ಗ್ರೀನ್‌ವುಡ್. ಅಪ್ಪಟ ಇಂಗ್ಲಿಷ್ ಹೆಸರು. ಅವಳ ಮನೆಯವರೂ ತಾವು ಇಂಗ್ಲೆಂಡಿನಿಂದ ಬಂದವರು ಅಂತಲೇ ತಿಳಿದಿದ್ದರು. ಆದರೆ ಅಜ್ಜನ ಪೆಟ್ಟಿಗೆಯಲ್ಲಿ ಒಂದು ಜಪಸರ, ಒಂದು ಫ್ರೆಂಚ್ ಪ್ರಾರ್ಥನೆ ಪುಸ್ತಕ ಇತ್ತು. ಅಜ್ಜ ಇದ್ದದ್ದು ಮ್ಯಾಸಚೂಸೆಟ್ಸ್‌ನ ಲೊವೆಲ್ ಊರಿನಲ್ಲಿ. ಬಟ್ಟೆ ಗಿರಣಿಗಳ ಊರು ಅದು. 1840ರಿಂದ 1930ರವರೆಗೆ ಸುಮಾರು 9 ಲಕ್ಷ ಫ್ರೆಂಚ್ ಕೆನಡಿಯನ್ನರು ಹೀಗೆ ಅಮೆರಿಕಕ್ಕೆ ಬಂದರು. ಊರಲ್ಲಿ ಮಕ್ಕಳು ಜಾಸ್ತಿ, ಹೊಲ ಕಡಿಮೆ, ಸಾಲ ಮೈಮೇಲೆ. ರೈಲು ಹತ್ತಿದರೆ ಲೊವೆಲ್, ಮ್ಯಾಂಚೆಸ್ಟರ್, ವೂನ್‌ಸಾಕೆಟ್, ಲೂಯಿಸ್ಟನ್, ಎಲ್ಲ ಅಮೆರಿಕದ ಗಿರಣಿ ಊರುಗಳು. ಗಿರಣಿ ಬಾಗಿಲಲ್ಲೇ ಕೆಲಸ. ಲೊವೆಲ್‌ನಲ್ಲಿ ಅವರ ಕೇರಿಗೆ 'ಪುಟ್ಟ ಕೆನಡಾ' ಅಂತಲೇ ಹೆಸರಿತ್ತು. 1960ರ ದಶಕದಲ್ಲಿ ಊರು ಸುಧಾರಣೆ ಅಂತ ಆ ಕೇರಿಯನ್ನು ಕೆಡವಿಬಿಟ್ಟರು.

ಸೊಸೆಯ ಚಿಕ್ಕಪ್ಪ ಒಬ್ಬರು ಎರಡು ವರ್ಷ ಗ್ರೀನ್‌ವುಡ್ ಅನ್ನುವ ಮಗುವಿನ ಹುಟ್ಟನ್ನು ಹುಡುಕಿದ್ದರು. ಇಂಗ್ಲೆಂಡಿಗೂ ಕಾಗದ ಬರೆದಿದ್ದರು. ಏನೂ ಸಿಗಲಿಲ್ಲ. ಹೇಗೆ ಸಿಗಬೇಕು? ಗ್ರೀನ್‌ವುಡ್ ಅನ್ನುವವರು ಯಾರೂ ಹುಟ್ಟಿರಲೇ ಇಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ. ನಿನ್ನ ಮುತ್ತಜ್ಜನ ಮದುವೆ ಯಾವ ಚರ್ಚಿನಲ್ಲಿ ಆಯಿತು? ಸೊಸೆಗೆ ಗೊತ್ತಿರಲಿಲ್ಲ. ಅವಳ ಅಜ್ಜಿಯ ತಂಗಿಗೆ ಗೊತ್ತಿತ್ತು, ಆಗ ಅವರಿಗೆ 91 ವರ್ಷ. "ಫ್ರೆಂಚರ ಚರ್ಚಿನಲ್ಲಿ, ಇನ್ನೆಲ್ಲಿ!" ಅಂದರು. ಮರುವಾರ ಲೊವೆಲ್‌ಗೆ ಹೋದೆವು. ಫ್ರೆಂಚ್ ಕೈಬರಹದ ಸಾಲು ಸಿಕ್ಕಿತು. ಹೆಣ್ಣಿನ ಹೆಸರು ಸರಿಯಾಗಿ ತಾಳೆಯಾಯಿತು. ಗಂಡಿನ ಹೆಸರಿನ ಮುಂದೆ ಬ್ವಾವೇರ್ ಅಂತಿತ್ತು. ಸೊಸೆ ಒಂದು ಗಳಿಗೆ ಸುಮ್ಮನೆ ನೋಡಿದಳು. ಬ್ವಾ ಅಂದರೆ ಮರ, ಕಾಡು. ವೇರ್ ಅಂದರೆ ಹಸಿರು. ಹಸಿರು ಕಾಡು ಇಂಗ್ಲಿಷಿಗೆ ಹೋಗಿ ಗ್ರೀನ್‌ವುಡ್ ಆಗಿತ್ತು! ರ್ವಾ ಅನ್ನುವವರು ಕಿಂಗ್ ಆದರು, ಲಬ್ಲಾಂ ವೈಟ್ ಆದರು. ಇಂಥವು ಎಷ್ಟೋ ನೋಡಿದ್ದೇನೆ. ಆದರೆ ನಮ್ಮ ಮನೆಯ ಹುಡುಗಿ ತನ್ನ ಹೆಸರನ್ನು ತಾನೇ ಮೊದಲ ಸಲ ಓದಿದ್ದನ್ನು ನೋಡಿದಾಗ ನನಗೆ ಗಂಟಲು ಕಟ್ಟಿತು.

ಅದೇ ಸಾಲಿನಲ್ಲಿ ಗಂಡಿನ ಅಪ್ಪ ಅಮ್ಮ ಇದ್ದರು. ಕೆನಡಾದ ಯಾವ ಚರ್ಚು ಅನ್ನುವುದೂ ಇತ್ತು, ಲೊತ್‌ಬಿನಿಯೇರ್ ಸೀಮೆಯದು. ಮುಂದಿನ ಮದುವೆ ಅಲ್ಲಿ ಸಿಕ್ಕಿತು. ಅದಕ್ಕಿಂತ ಹಿಂದಿನದು ಪಕ್ಕದ ಊರಿನಲ್ಲಿ, ಯಾಕೆಂದರೆ ಮದುವೆ ಸಾಮಾನ್ಯವಾಗಿ ಹೆಣ್ಣಿನ ಊರಿನಲ್ಲೇ ಆಗುತ್ತಿತ್ತು, ನಮ್ಮಲ್ಲಿ ಆಗುವ ಹಾಗೆ. ಇದನ್ನೂ ನೆನಪಿಡಿ. ಗಂಡಿನ ಊರಿನಲ್ಲಿ ಸಿಗದಿದ್ದರೆ ಹೆಣ್ಣಿನ ತವರಿಗೆ ಹೋಗಿ. ಒಂದು ಕಡೆ ಅಪ್ಪ ಅಮ್ಮನ ಹೆಸರೇ ಇರಲಿಲ್ಲ, ಇಂಥವಳ ಗಂಡ, ವಿಧುರ ಅಂತ ಮಾತ್ರ ಇತ್ತು. ಗಾಬರಿ ಬೇಡ. ಅದು ಎರಡನೇ ಮದುವೆ. ಮೊದಲ ಮದುವೆ ಹುಡುಕಿದೆವು, ಅಪ್ಪ ಅಮ್ಮ ಅಲ್ಲಿ ಕೂತಿದ್ದರು.

ಇನ್ನೂ ಹಿಂದೆ ಹೋದಾಗ ಬ್ವಾವೇರ್ ಕೂಡ ಮಾಯವಾಯಿತು. ದನೆವೇರ್ ದಿ ಬ್ವಾವೇರ್ ಅಂತ ಬಂತು. 'ದಿ' ಅಂದರೆ 'ಎಂದು ಕರೆಯುವ'. ದನೆವೇರ್ ಮೂಲ ಹೆಸರು, ಬ್ವಾವೇರ್ ಕರೆಯುವ ಹೆಸರು. ನಮ್ಮ ಹಳ್ಳಿಗಳಲ್ಲಿ ಒಂದೇ ಹೆಸರಿನವರು ಜಾಸ್ತಿಯಾದರೆ ಒಬ್ಬರನ್ನು ತೋಟದಮನೆಯವರು, ಇನ್ನೊಬ್ಬರನ್ನು ಮೇಲಿನಮನೆಯವರು ಅನ್ನುತ್ತೇವಲ್ಲ, ಹಾಗೆ. ಅಣ್ಣ ಒಂದು ಹೆಸರು ಇಟ್ಟುಕೊಂಡರೆ ತಮ್ಮ ಇನ್ನೊಂದನ್ನು ಇಟ್ಟುಕೊಂಡ. ಬರೀ ಹೆಸರನ್ನು ಹಿಡಿದು ಹೋಗಿದ್ದರೆ ಇಲ್ಲಿ ದಾರಿ ತಪ್ಪುತ್ತಿತ್ತು. ಜೋಡಿಯನ್ನು ಹಿಡಿದು ಹೋದೆವು, ತಪ್ಪಲಿಲ್ಲ.

ಆಮೇಲೆ ನಾನು ಸೊಸೆಗೆ ಹೇಳಿದೆ, ಅಪ್ಪನ ಸಾಲು ಸಾಕು, ಈಗ ತಾಯಿಯರ ಕಡೆಗೂ ನೋಡೋಣ. ಹಾಗೆ ಹೋಗಿ ಹೋಗಿ ನಾವು ನಿಂತದ್ದು 1636ರ ಜುಲೈ 27ಕ್ಕೆ. ಅವತ್ತು ಬೋಪೋರ್ ಅನ್ನುವ ಜಾಗದಲ್ಲಿ ಒಂದು ಮದುವೆಯ ಕರಾರು ಬರೆದರು. ಹುಡುಗ ರೋಬೇರ್ ದ್ರುವೆಂ, ಇಟ್ಟಿಗೆ ಮಾಡುವವನು. ಹುಡುಗಿ ಆನ್ ಕ್ಲೂತಿಯೆ, ಹತ್ತು ವರ್ಷದ ಮಗು. ಹೌದು, ಹತ್ತೇ ವರ್ಷ. ಚರ್ಚಿನಲ್ಲಿ ಮದುವೆ ಆದದ್ದು ಮರುವರ್ಷ. ಕೆನಡಾದಲ್ಲಿ ಇವತ್ತಿಗೂ ಉಳಿದಿರುವ ಮದುವೆ ಕರಾರುಗಳಲ್ಲಿ ಅದೇ ಅತ್ಯಂತ ಹಳೆಯದು. ಹುಡುಗಿಯ ಅಪ್ಪ ಝಕಾರಿ ಕ್ಲೂತಿಯೆ, ಬಡಗಿ. ಫ್ರಾನ್ಸಿನ ಪೆರ್ಶ್ ಸೀಮೆಯವನು. 1634ರಲ್ಲಿ ಕೆಲಸದ ಕರಾರಿನ ಮೇಲೆ ಹಡಗು ಹತ್ತಿ ಬಂದವನು. ಅವನಿಗೆ ಬರೆಯಲು ಬರುತ್ತಿರಲಿಲ್ಲ. ರುಜು ಹಾಕುವ ಕಡೆ ಒಂದು ಕೊಡಲಿಯ ಚಿತ್ರ ಬರೆಯುತ್ತಿದ್ದ. 1800ರ ಹೊತ್ತಿಗೆ ಅವನ ವಂಶದವರು 10,000ಕ್ಕೂ ಹೆಚ್ಚು ಅಂತ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ನನ್ನ ಮೊಮ್ಮಗ ಅವರಲ್ಲಿ ಒಬ್ಬನ ಕುಡಿ.

ಈಗ ಹಾಳೆಯ ಇನ್ನೊಂದು ಪಕ್ಕ ನೋಡಿ, ನನ್ನ ಕಡೆಯದು. ನನ್ನ ಅಜ್ಜಿಯ ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಅವರಿಗೆ ಹೊಸ ಹೆಸರು ಬರೆದರು. ಹುಟ್ಟಿದಾಗ ಇಟ್ಟ ಹೆಸರು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ. ಅವರ ಅಮ್ಮನ ಹೆಸರು ಹೇಳುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನೊಂದಿಗೆ ಮನೆಮುಂದೆ ಬಂದು ವಂಶಾವಳಿ ಹೇಳುತ್ತಾರೆ, ಅದು ದೊಡ್ಡ ವಿದ್ಯೆ. ನಮ್ಮ ಊರಿಗೆ ಅವರು ಬರುತ್ತಿರಲಿಲ್ಲ. ಮೊಮ್ಮಗನ ಮರದಲ್ಲಿ ಒಂದು ಪಕ್ಕ 1634ಕ್ಕೆ ಹೋಯಿತು, ಇನ್ನೊಂದು ಪಕ್ಕ ಮೂರು ಚೌಕಕ್ಕೆ ನಿಂತಿತು. ಅದಕ್ಕೇ ನಾನು ಇಷ್ಟು ಒತ್ತಿ ಹೇಳುವುದು. ತವರಿನ ಹೆಸರು ಬರೆದಿಟ್ಟ ಜನ ಇದ್ದಾರೆ, ಆ ಪುಸ್ತಕಗಳು ಇವೆ, ಹೋಗಿ ತೆಗೆದು ನೋಡಿ.

ಸಮಯ ಆಗುತ್ತಿದೆ ಅಂತ ಇಲ್ಲಿ ಕೈಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಸಹಾಯಕ್ಕೆ ಏನಿದೆ? ಸಿಪ್ರಿಯಾಂ ತಾಂಗೆ ಅನ್ನುವ ಪಾದ್ರಿ 1871ರಿಂದ 1890ರವರೆಗೆ ಏಳು ಸಂಪುಟಗಳಲ್ಲಿ ಈ ಮನೆತನಗಳನ್ನು ಬರೆದಿಟ್ಟರು. ತಪ್ಪುಗಳಿವೆ, ಆದರೂ ಮೊದಲ ದಾರಿ ಅವರದೇ. ವಂಶಾವಳಿಯ ಕೆಲಸ ಮಾಡುವ ದ್ರುವೆಂ ಸಂಸ್ಥೆಯವರು ಚರ್ಚಿನ ಪುಸ್ತಕಗಳನ್ನೇ ಫಿಲಂ ಮಾಡಿಟ್ಟರು, ಅವು ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ. ಎಷ್ಟೋ ಊರುಗಳಿಗೆ ಬರೀ ಮದುವೆಗಳ ಪಟ್ಟಿಯೇ ಪುಸ್ತಕವಾಗಿ ಇದೆ. ಗಮನಿಸಿದಿರಾ? ಮದುವೆಗಳ ಪಟ್ಟಿ.

1663ರಿಂದ 1673ರ ನಡುವೆ ಫ್ರಾನ್ಸಿನ ರಾಜ ಸುಮಾರು 800 ಹೆಣ್ಣುಮಕ್ಕಳನ್ನು ತನ್ನ ಖರ್ಚಿನಲ್ಲಿ ಮದುವೆಗೆಂದು ಅಲ್ಲಿಗೆ ಕಳಿಸಿದ. 'ರಾಜನ ಹೆಣ್ಣುಮಕ್ಕಳು' ಅಂತಲೇ ಅವರನ್ನು ಕರೆಯುತ್ತಾರೆ. ಅವರ ಬಗ್ಗೆಯೇ ಒಂದು ದಿನ ಮಾತಾಡಬೇಕು, ಇವತ್ತು ಆಗುವುದಿಲ್ಲ.

ಇನ್ನೊಂದು ಸ್ವಾರಸ್ಯ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸೋದರಮಾವನ ಮಗಳನ್ನು ತರುವುದು ಹಕ್ಕು ಅನ್ನುತ್ತಾರೆ. ಅಲ್ಲಿ ಹತ್ತಿರದ ಸಂಬಂಧದಲ್ಲಿ ಮದುವೆಯಾಗಲು ಚರ್ಚಿನ ಅಪ್ಪಣೆ ಬೇಕಿತ್ತು. ಎಷ್ಟನೇ ಮೆಟ್ಟಿಲಿನ ಸಂಬಂಧ ಅಂತ ಪಾದ್ರಿ ಮದುವೆಯ ದಾಖಲೆಯಲ್ಲೇ ಬರೆಯುತ್ತಿದ್ದರು. ಮೂರನೇ ಮೆಟ್ಟಿಲು ಅಂತಿದ್ದರೆ ಗಂಡು ಹೆಣ್ಣಿಗೆ ಮುತ್ತಜ್ಜ ಮುತ್ತಜ್ಜಿ ಒಬ್ಬರೇ. ನೀವು ಹುಡುಕುವ ಮೊದಲೇ ಅವರು ಲೆಕ್ಕ ಮಾಡಿಟ್ಟಿದ್ದಾರೆ.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. ಯಾರೋ ಕಂಪ್ಯೂಟರಿನಲ್ಲಿ ಹಾಕಿದ ಮರವನ್ನು ಹಾಗೇ ಇಳಿಸಿಕೊಂಡು ಫ್ರಾನ್ಸಿನ ರಾಜನೇ ನಮ್ಮ ಮೂಲಪುರುಷ ಅನ್ನಬೇಡಿ. ಇಂಥ ಹಾಳೆ ಹಿಡಿದು ಬಂದವರಿಗೆ ನಾನು 22 ವರ್ಷ ಒಂದೇ ಪ್ರಶ್ನೆ ಕೇಳಿದ್ದೇನೆ. ಪ್ರತಿ ತಲೆಮಾರಿನ ಮದುವೆಯ ಸಾಲು ಎಲ್ಲಿದೆ, ತೋರಿಸಿ. ಸಾಲು ಇಲ್ಲದಿದ್ದರೆ ಆ ಕೊಂಬೆಗೆ ಹೆಸರು ಬರೆಯಬೇಡಿ, ಖಾಲಿ ಬಿಡಿ.

ಈ ಭಾನುವಾರ ಸೊಸೆಗೋ ಅಳಿಯನಿಗೋ ಹೇಳಿ, ಅವರ ಮನೆಯ ಅತ್ಯಂತ ಹಿರಿಯರಿಗೆ ಫೋನ್ ಮಾಡಿಸಿ. ಮೂರು ಪ್ರಶ್ನೆ ಸಾಕು. ನಿಮ್ಮ ಅಪ್ಪ ಅಮ್ಮನ ಮದುವೆ ಯಾವ ಊರಿನಲ್ಲಿ ಆಯಿತು? ಯಾವ ಚರ್ಚಿನಲ್ಲಿ? ಅಮ್ಮನ ತವರಿನ ಹೆಸರು ಏನು? ಅವರು ಹೇಳುವಾಗ ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ನನ್ನ ಮೊಮ್ಮಗ ಅವತ್ತು ಮರದ ಬುಡದ ಕೊನೆಯ ಚೌಕದಲ್ಲಿ ಝಕಾರಿ ಕ್ಲೂತಿಯೆ ಅಂತ ಬರೆದ. ಆಮೇಲೆ ಪೆನ್ಸಿಲ್ ತಿರುಗಿಸಿ ಹಿಡಿದು ಅದನ್ನು ಅಳಿಸಿದ. ಆ ಜಾಗದಲ್ಲಿ ಒಂದು ಕೊಡಲಿ ಬರೆದ. "ಅವರು ಹೀಗೇ ಬರೀತಿದ್ದರಲ್ಲ ಅಜ್ಜಿ" ಅಂದ.

ನಮಸ್ಕಾರ.