ಸಿನಿಮಾಗೆ ಹೋದರೆ ದುಡ್ಡು ಸೋರುವುದು ಎಲ್ಲಿ? ಟಿಕೆಟ್‌ನಲ್ಲಂತೂ ಅಲ್ಲ!

ನಮಸ್ಕಾರ. ಮೊದಲು ಒಂದು ಲೆಕ್ಕ ಹಾಕೋಣ. ಮನೆಯಲ್ಲಿ ನಾಲ್ಕು ಜನ. ಶನಿವಾರ ಸಂಜೆ, ಬೆಂಗಳೂರಿನ ಒಂದು ಮಾಲ್, ಹೊಸ ಸಿನಿಮಾ. ಟಿಕೆಟ್ ತಲೆಗೆ 300 ರೂಪಾಯಿ ಅಂತ ಇಟ್ಟುಕೊಳ್ಳಿ.

[ಸ್ಕ್ರೀನ್ ಮೇಲೆ ಬಿಲ್ಲಿನ ಸಾಲುಗಳು ಒಂದೊಂದಾಗಿ ಬರುತ್ತವೆ]

ಟಿಕೆಟ್ 1,200. ಆ್ಯಪ್‌ನ ಕನ್ವೀನಿಯನ್ಸ್ ಫೀ ಟಿಕೆಟ್ಟಿಗೆ 30 ಅಂತ ಹಿಡಿದರೂ, ಅದರ ಮೇಲಿನ 18% ಜಿಎಸ್‌ಟಿ ಸೇರಿ 141 ರೂಪಾಯಿ 60 ಪೈಸೆ. ಎರಡು ಪಾಪ್‌ಕಾರ್ನ್, ಎರಡು ಕೂಲ್‌ಡ್ರಿಂಕ್ಸ್‌ಗೆ ಒಂದು ಸಾವಿರ. ಪಾರ್ಕಿಂಗ್ 100. ಒಟ್ಟು 2,441 ರೂಪಾಯಿ 60 ಪೈಸೆ.

ಇದು ಉದಾಹರಣೆಯ ಲೆಕ್ಕ, ನಿಮ್ಮ ಊರಿನ ರೇಟು ಬೇರೆ ಇರಬಹುದು. ಆದರೆ ನೋಡಿ, ಅರ್ಧಕ್ಕಿಂತ ಜಾಸ್ತಿ ದುಡ್ಡು ಟಿಕೆಟ್ಟಿಗೆ ಹೋಗಿಯೇ ಇಲ್ಲ.

ಹಾಗಾಗಿ ಪಾಪ್‌ಕಾರ್ನ್‌ನಿಂದಲೇ ಶುರು ಮಾಡೋಣ. ಅದಕ್ಕೆ ಅಷ್ಟೊಂದು ರೇಟು ಯಾಕೆ? ಟಿಕೆಟ್ ದುಡ್ಡಿನಲ್ಲಿ ತೆರಿಗೆ ಕಳೆದು ಉಳಿದದ್ದನ್ನು ಥಿಯೇಟರಿನವರು ವಿತರಕರ ಜೊತೆ ಹಂಚಿಕೊಳ್ಳಬೇಕು. ಮೊದಲ ವಾರ ವಿತರಕರಿಗೆ ದೊಡ್ಡ ಪಾಲೇ ಹೋಗುತ್ತದೆ. ಪಾಪ್‌ಕಾರ್ನ್ ದುಡ್ಡಿನಲ್ಲಿ ವಿತರಕರಿಗೆ ಪಾಲಿಲ್ಲ. ಜೋಳಕ್ಕೆಷ್ಟು, ಎಣ್ಣೆಗೆಷ್ಟು ಖರ್ಚು, ನೀವೇ ಊಹಿಸಿ. ಅವರ ಲಾಭ ನಿಂತಿರುವುದೇ ಆ ಕೌಂಟರಿನ ಮೇಲೆ.

ಮನೆಯಿಂದ ಚಕ್ಕುಲಿ, ಕೋಡುಬಳೆ ಕಟ್ಟಿಕೊಂಡು ಹೋಗಬಹುದಾ? ಥಿಯೇಟರಿನವರು ಬೇಡ ಅಂದರೆ ಆಗುವುದಿಲ್ಲ. ಹೊರಗಿನ ತಿಂಡಿ ತಡೆಯುವ ಹಕ್ಕು ಅವರಿಗಿದೆ ಅಂತ ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ಹೇಳಿದೆ. ಯಾರಾದರೂ ಜಿಲೇಬಿ ತಂದು, ತಿಂದ ಕೈಯನ್ನು ಸೀಟಿಗೆ ಒರೆಸಿದರೆ ಹೇಗೆ ಅನ್ನೋ ಮಾತು ಕೂಡ ಆವತ್ತು ಕೋರ್ಟಿನಲ್ಲಿ ಬಂತು. ಆದರೆ ಅದೇ ಪ್ರಕರಣದಲ್ಲಿ ನಮಗೆ ಉಪಯೋಗದ ಎರಡು ವಿಷಯ ಇವೆ. ಒಂದು, ಕುಡಿಯುವ ನೀರನ್ನು ಥಿಯೇಟರ್ ಉಚಿತವಾಗಿ ಕೊಡಬೇಕು. ಎರಡು, ಹಸುಗೂಸಿಗೆ ಬೇಕಾದ ಆಹಾರವನ್ನು ಅಪ್ಪ ಅಮ್ಮ ಒಳಗೆ ತರಬಹುದು. ಹಾಗಾಗಿ ಬಾಟಲಿ ಕೊಳ್ಳುವ ಮೊದಲು ನೀರಿನ ಫಿಲ್ಟರ್ ಎಲ್ಲಿದೆ ಅಂತ ಧೈರ್ಯವಾಗಿ ಕೇಳಿ. ಎಷ್ಟೋ ಕಡೆ ಅದು ಟಾಯ್ಲೆಟ್ ಪಕ್ಕದ ಮೂಲೆಯಲ್ಲಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಇನ್ನು ಊಟದ ಹೊತ್ತಿನ ಶೋ ಬುಕ್ ಮಾಡಬೇಡಿ. ಮಧ್ಯಾಹ್ನ ಒಂದೂವರೆಯ ಶೋಗೆ ಹಸಿದುಕೊಂಡು ಹೋದ ಮಕ್ಕಳನ್ನು ಇಂಟರ್ವಲ್‌ನಲ್ಲಿ ಹಿಡಿಯೋಕಾಗುತ್ತಾ?

ಈಗ ಟಿಕೆಟ್. "ಸರ್ಕಾರ 200 ರೂಪಾಯಿ ಮಾಡಿತ್ತಲ್ಲ?" ಅಂತ ತುಂಬಾ ಜನ ಕೇಳುತ್ತಾರೆ. ಹೌದು, 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಸ್ಕ್ರೀನ್‌ಗಳಿಗೆ ವಿನಾಯಿತಿ ಇತ್ತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. 2017ರಲ್ಲೂ ಹೀಗೇ 200ರ ಮಿತಿ ಬಂದು, ನಿಲ್ಲದೆ ಹೋಗಿತ್ತು. ಆ ಆದೇಶವನ್ನು ನಂಬಿಕೊಂಡು ಬಜೆಟ್ ಹಾಕಬೇಡಿ.

2025ರ ಅದೇ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಬದಲಾವಣೆ ಆಯಿತು, ಅದರ ಸುದ್ದಿ ಅಷ್ಟಾಗಿ ಆಗಲಿಲ್ಲ. 22ನೇ ತಾರೀಖಿನಿಂದ 100 ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು. 100 ದಾಟಿದರೆ ಹಳೆಯ 18 ಪರ್ಸೆಂಟೇ.

[ಸ್ಕ್ರೀನ್ ಮೇಲೆ: 100 + 5% = 105 ರೂ. | 101 + 18% = 119.18 ರೂ.]

ಒಂದೇ ರೂಪಾಯಿ ವ್ಯತ್ಯಾಸಕ್ಕೆ ಹದಿನಾಲ್ಕು ರೂಪಾಯಿ ಜಾಸ್ತಿ! ಈ ಲಾಭ ಸಿಗುವುದು ಮುಖ್ಯವಾಗಿ ತಾಲೂಕು ಊರುಗಳ ಟಾಕೀಸುಗಳಲ್ಲಿ ಮತ್ತು ನಗರದ ಸಿಂಗಲ್ ಸ್ಕ್ರೀನ್‌ಗಳ ಕೆಳಗಿನ ಕ್ಲಾಸಿನಲ್ಲಿ. ಬೆಂಗಳೂರಿನಲ್ಲಿ ಕೆ.ಜಿ. ರಸ್ತೆಯ ಸಾಗರ್, ಗಾಂಧಿನಗರದ ಕಪಾಲಿ ಹೋದವು. ಆದರೆ ಊರ್ವಶಿ, ನವರಂಗ್, ವೀರೇಶ್ ಥರದ ಹೆಸರುಗಳು ಇನ್ನೂ ಇವೆ. ದೊಡ್ಡ ಪರದೆ, ಬಾಲ್ಕನಿ, ಶಿಳ್ಳೆ, ಚಪ್ಪಾಳೆ. ನನ್ನ ಪ್ರಕಾರ ಸ್ಟಾರ್ ಸಿನಿಮಾ ನೋಡಬೇಕಾದದ್ದೇ ಅಲ್ಲಿ. ಸೀಟು ಸ್ವಲ್ಪ ಗಟ್ಟಿ ಇರಬಹುದು, ಪರವಾಗಿಲ್ಲ. ಒಂದೇ ಎಚ್ಚರಿಕೆ: ರಿಲೀಸ್ ದಿನ ಬೆಳಗಿನ ಜಾವದ ಫ್ಯಾನ್ಸ್ ಶೋಗೆ ಅಲ್ಲೂ ರೇಟು ಏರಿರುತ್ತದೆ.

ತಮಿಳುನಾಡಿನಲ್ಲಿ ಟಿಕೆಟ್ ದರಕ್ಕೆ ಸರ್ಕಾರದ ಮಿತಿ ಇದೆ, ಹೊಸೂರಿಗೆ ಹೋಗಿ ನೋಡಿದರೆ ಅಗ್ಗ ಅನ್ನುವವರೂ ಇದ್ದಾರೆ. ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ಸರಿ. ಮಲ್ಲೇಶ್ವರದಿಂದ ಹೊರಟರೆ ಪೆಟ್ರೋಲು, ಅತ್ತಿಬೆಲೆ ಟೋಲ್ ಸೇರಿ ಉಳಿಯೋದೇನೂ ಇಲ್ಲ.

ಮಲ್ಟಿಪ್ಲೆಕ್ಸೇ ಬೇಕು ಅಂದರೆ ಸೀಟಿನ ನಕ್ಷೆ ಸರಿಯಾಗಿ ನೋಡಿ. ಕಡಿಮೆ ರೇಟಿನ ಕ್ಲಾಸಿನ ಕೊನೆಯ ಸಾಲಿಗೂ ಮೇಲಿನ ಕ್ಲಾಸಿನ ಮೊದಲ ಸಾಲಿಗೂ ನಡುವೆ ಇರುವುದು ಒಂದು ಮೆಟ್ಟಿಲು, ಅಷ್ಟೇ. ಪರದೆ ಎರಡೂ ಕಡೆಯಿಂದ ಒಂದೇ ಥರ ಕಾಣುತ್ತದೆ. ಆ ಸಾಲು ಬೇಗ ತುಂಬುತ್ತದೆ, ಅದಕ್ಕೆ ಒಂದು ದಿನ ಮುಂಚೆ ನೋಡಿ.

ಆ್ಯಪ್‌ನ ಕನ್ವೀನಿಯನ್ಸ್ ಫೀ ಉಳಿಸಲು ಒಂದೇ ದಾರಿ, ಕೌಂಟರ್. ವಾರದ ದಿನ, ಹೌಸ್‌ಫುಲ್ ಆಗದ ಸಿನಿಮಾ ಆದರೆ ಆ್ಯಪ್ ಯಾಕೆ ಬೇಕು? ನೇರ ಹೋಗಿ ಟಿಕೆಟ್ ತೆಗೆದುಕೊಳ್ಳಿ. ಆ್ಯಪ್‌ನಲ್ಲೇ ಮಾಡಿದರೆ ದುಡ್ಡು ಕಟ್ಟುವ ಮೊದಲು ಕೊನೆಯ ಪುಟ ಪೂರ್ತಿ ಓದಿ. ತಿಂಡಿ ಕಾಂಬೋ, ದೇಣಿಗೆ ಎಲ್ಲ ಸೇರಿಕೊಂಡಿರಬಹುದು. ದೇಣಿಗೆ ಒಳ್ಳೆಯದೇ, ಆದರೆ ಗೊತ್ತಿದ್ದು ಕೊಡಿ. ಕಾರ್ಡಿನ "ಒಂದು ಕೊಂಡರೆ ಒಂದು ಉಚಿತ" ಆಫರ್? ಕಾರ್ಡಿಗೆ ವಾರ್ಷಿಕ ಶುಲ್ಕ ಇದ್ದರೆ ಸುಮ್ನೆ ಬಿಟ್ಟುಬಿಡಿ.

ಕಾಯಬಹುದಾ, ಕಾಯಬಾರದಾ? ದೊಡ್ಡ ಸಿನಿಮಾ ಆದರೆ ಕಾಯಿರಿ. ಮೊದಲ ವಾರಾಂತ್ಯದಲ್ಲಿ ಬೆಂಗಳೂರಿನ ಕೆಲವು ಕಡೆ ಟಿಕೆಟ್ ಸಾವಿರ ದಾಟಿದ್ದುಂಟು. ಎರಡನೇ ಸೋಮವಾರದ ಹೊತ್ತಿಗೆ ಅದೇ ಸೀಟು ಎಷ್ಟೋ ಅಗ್ಗ. ಸಣ್ಣ ಕನ್ನಡ ಸಿನಿಮಾಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಜನ ಬರಲಿಲ್ಲ ಅಂತ ಸೋಮವಾರವೇ ಶೋ ಕಡಿಮೆ ಮಾಡುತ್ತಾರೆ. ಓಟಿಟಿಗೆ ಬರುತ್ತದೆ ಅನ್ನೋ ಖಾತ್ರಿಯೂ ಇಲ್ಲ. ಅಂಥದ್ದನ್ನು ಶುಕ್ರವಾರ, ಶನಿವಾರದ ಬೆಳಗಿನ ಶೋದಲ್ಲೇ ನೋಡಿ.

ರಾಷ್ಟ್ರೀಯ ಸಿನಿಮಾ ದಿನದ ಮೇಲೂ ಕಣ್ಣಿಡಿ. ಮಲ್ಟಿಪ್ಲೆಕ್ಸ್‌ಗಳ ಒಕ್ಕೂಟ 2022ರಲ್ಲಿ 75 ರೂಪಾಯಿಗೆ, 2023 ಮತ್ತು 2024ರಲ್ಲಿ 99 ರೂಪಾಯಿಗೆ ಟಿಕೆಟ್ ಕೊಟ್ಟಿತ್ತು. ತಾರೀಖು ಪ್ರತಿ ಸಲ ಬದಲಾಗುತ್ತದೆ.

ಸಿನಿಮಾ ಹುಚ್ಚು ಜಾಸ್ತಿ ಇರುವವರಿಗೆ ಎಲ್ಲಕ್ಕಿಂತ ಅಗ್ಗ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ. 2025ರ ಮಾರ್ಚ್ 1ರಿಂದ 8ರವರೆಗೆ ನಡೆದಾಗ ಪಾಸು 800 ರೂಪಾಯಿ, ವಿದ್ಯಾರ್ಥಿಗಳಿಗೆ ಮತ್ತು ಹಿರಿಯರಿಗೆ 400. 800ರ ಪಾಸಿನಲ್ಲಿ ಒಟ್ಟು 24 ಸಿನಿಮಾ ನೋಡಿದರೆ ಒಂದಕ್ಕೆ ಸುಮಾರು 33 ರೂಪಾಯಿ ಬಿತ್ತು! ಆದರೆ ಪಾಸಿದ್ದರೆ ಸೀಟು ಸಿಕ್ಕೇ ಸಿಗುತ್ತದೆ ಅಂತಿಲ್ಲ. ಹೆಸರು ಮಾಡಿದ ಸಿನಿಮಾಗಳಿಗೆ ಕ್ಯೂ ಉದ್ದ ಇರುತ್ತದೆ, ಬೇಗ ಹೋಗಿ ನಿಂತುಕೊಳ್ಳಿ.